‘ಜಿಂಜರ್’ ಶಬ್ದದ ಮೂಲವಿಚಾರ

ಅಮರಸಿಂಹನು ತನ್ನ ಕೋಶದ ವೈಶ್ಯವರ್ಗದಲ್ಲಿ ಹಸಿಯ ಶುಂಠಿಗೆ ಆರ್ದ್ರಕ, ಶೃಂಗವೇರ ಎಂಬ ಎರಡು ಹೆಸರುಗಳನ್ನೂ, ಒಣಶುಂಠಿಗೆ ಶುಂಠೀ, ಮಹೌಷಧ, ವಿಶ್ವ, ನಾಗರ, ವಿಶ್ವಭೇಷಜ ಎಂಬ ಹೆಸರುಗಳನ್ನೂ ಹೇಳಿದ್ದಾನೆ. ಇವುಗಳಲ್ಲಿ ಹಲವು ಹೆಸರುಗಳ ಅರ್ಥವು ಕೇಳಿದ ಮಾತ್ರಕ್ಕೆ ಹೊಳೆಯತಕ್ಕದ್ದು. ಆರ್ದ್ರವಾಗಿರುವುದರಿಂದ ಆರ್ದ್ರಕ, ಸಮಸ್ತ ರೋಗಗಳಿಗೂ ಮದ್ದಾದುದರಿಂದ ವಿಶ್ವಭೇಷಜ. ಶೃಂಗವೇರ ಎಂಬುದು ಮಾತ್ರ ಹಾಗಲ್ಲ. ಶೃಂಗವೆಂದರೆ ಕೊಂಬೆಂಬುದನ್ನು ಬಾಲಕರೂ ಬಲ್ಲರು. ವೇರವೆಂದರೇನೆಂದು ಕೇಳಿದರೆ ಪಂಡಿತರೂ ಕೋಶವನ್ನು ತೆರೆಯಬೇಕಾಗುತ್ತದೆ. ಆಶ್ಚರ್ಯವೇನೆಂದರೆ, ಸುಲಭವಾದ ಹೆಸರುಗಳೆಲ್ಲ ಈ ದೇಶದಲ್ಲಿಯೇ ಉಳಿದು, ಅರ್ಥವು ಮಸುಕಾದ ಈ ಒಂದು ಹೆಸರೇ ಸಮುದ್ರವನ್ನು ದಾಟಿ ಯೂರೋಪು ಖಂಡವನ್ನೆಲ್ಲ ವ್ಯಾಪಿಸಿತು.

ಇಂಗ್ಲಿಷಿನ ‘ಜಿಂಜರ್’, ಫ್ರೆಂಚಿನ ‘ಝೆಂಝಾಂಬ್ರ್’, ಇಟಾಲಿಯನ್ನಿನ ‘ಜೆಂಜೆರೊ’, ಸ್ಪ್ಯಾನಿಷಿನ ‘ಹೆಂಹಿಬ್ರೆ’, ಪೋರ್ಚುಗೀಸಿನ ‘ಜೆಂಜಿಬ್ರೆ’, ಡಚ್ಚಿನ ‘ಗೆಂಬರ್’, ಜರ್ಮನಿನ ‘ಇಂಗ್ವರ್’, ಸ್ವೀಡಿಷಿನ ‘ಇಂಗೆಫ್ಯಾರ’, ಪೋಲಿಷಿನ ‘ಇಂಬಿರ್’, ರಷ್ಯನಿನ ‘ಇಂಬೀರ್’ — ಇವೆಲ್ಲ ಒಂದೇ ಶಬ್ದದ ರೂಪಾಂತರಗಳು. ಆರ್ಯಭಾಷಾವರ್ಗಕ್ಕೆ ಸೇರದ ಹಂಗೇರಿಯನ್ನಿನಲ್ಲಿ ‘ಜ್ಯೋಂಬೇರ್’ ಎಂದೂ, ಫಿನ್ನಿಷಿನಲ್ಲಿ ‘ಇಂಕಿವ್ಯಾರಿ’ ಎಂದೂ ಇದೇ ಶಬ್ದವು ಸಲ್ಲುತ್ತದೆ. ತಾಯಿ, ತಂದೆ, ಮೂರು, ಏಳು ಮುಂತಾದ ಶಬ್ದಗಳು ಸಂಸ್ಕೃತಕ್ಕೂ ಯೂರೋಪಿನ ಭಾಷೆಗಳಿಗೂ ಸಮಾನವಾಗಿರುವುದು ಒಂದು ಬಗೆ, ಅದು ದಾಯಭಾಗ. ಇದು ಬೇರೊಂದು ಬಗೆ, ಇದು ವ್ಯಾಪಾರ. ಈ ಎರಡನ್ನೂ ಬೆರಸಿ, ಸಂಸ್ಕೃತದ ಮಾತೊಂದು ಇಂಗ್ಲಿಷಿನಲ್ಲಿ ಕಂಡೊಡನೆಯೇ ಭಾಷಾಕುಲದ ಮಾತನ್ನೆತ್ತುವ ರೂಢಿಯು ಈಗಲೂ ತೊಲಗಿಲ್ಲ. ಕುಲದಿಂದ ಬಂದ ಶಬ್ದವಾಗಿದ್ದರೆ ಹಂಗೇರಿಯನ್, ಫಿನ್ನಿಷ್ ಭಾಷೆಗಳಲ್ಲಿ ಅದಕ್ಕೇನು ಕೆಲಸ? ಪದಾರ್ಥವು ಎಲ್ಲೆಲ್ಲಿಗೆ ಹೋಯಿತೋ ಅಲ್ಲಲ್ಲಿಗೆ ಹೆಸರೂ ಹಿಂಬಾಲಿಸಿತು.

ಈ ಹಿಂಬಾಲಿಕೆಯ ಹೆಜ್ಜೆಗಳನ್ನು ಹಿಂದುಹಿಂದಕ್ಕೆ ಎಣಿಸುವುದು ಕಷ್ಟವಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ‘ಗಿಂಗಿಫೆರ್’ ಎಂಬ ರೂಪವುಂಟು. ಅದು ಮಧ್ಯಯುಗದ ಲ್ಯಾಟಿನ್ನಿನ ‘ಗಿಂಗಿಬೆರ್’ ಎಂಬುದರಿಂದ ಬಂದದ್ದು. ನಾರ್ಮನರು ಇಂಗ್ಲೆಂಡನ್ನು ಗೆದ್ದ ಬಳಿಕ ಹಳೆಯ ಫ್ರೆಂಚಿನ ರೂಪವೂ ಬಂದು ಸೇರಿ ಇಂದಿನ ‘ಜಿಂಜರ್’ ಆಯಿತು. ಲ್ಯಾಟಿನ್ನಿನ ಹಳೆಯ ರೂಪ ‘ಝಿಂಗಿಬೆರ್’. ಅದಕ್ಕೆ ಮಾತೃಕೆ ಗ್ರೀಕಿನ ‘ಝಿಂಗಿಬೆರಿಸ್’. ಕ್ರಿಸ್ತಶಕದ ಒಂದನೆಯ ಶತಮಾನದಲ್ಲಿ ಗ್ರೀಕ್ ವೈದ್ಯನಾದ ಡಯಾಸ್ಕೊರಿಡೀಸನು ಈ ಹೆಸರಿನಿಂದಲೇ ಶುಂಠಿಯನ್ನು ವರ್ಣಿಸಿ, ಅದು ಬೇಗನೆ ಕೊಳೆಯುವುದರಿಂದ ಉಪ್ಪಿನಲ್ಲಿ ಹಾಕಿ ಮಣ್ಣಿನ ಜಾಡಿಗಳಲ್ಲಿಟ್ಟು ಇಟಲಿಗೆ ತರುತ್ತಾರೆಂದು ತಿಳಿಸುತ್ತಾನೆ. ಅದೇ ಶತಮಾನದ ರೋಮನ್ ಗ್ರಂಥಕಾರನಾದ ಪ್ಲಿನಿಯು ಇದನ್ನು ಕೆಲವರು ಮೆಣಸಿನ ಗಿಡದ ಬೇರೆಂದು ತಿಳಿದಿರುವುದು ತಪ್ಪೆಂದು ಹೇಳಿ, ಒಂದು ಪೌಂಡಿಗೆ 6 ದೀನಾರಗಳ ಬೆಲೆಯೆಂದು ಬರೆದಿಟ್ಟಿದ್ದಾನೆ. ಆದರೆ ಶುಂಠಿಯ ತವರು ಅರೇಬಿಯವೂ ಅದರ ಎದುರಿನ ಆಫ್ರಿಕದ ತೀರವೂ ಎಂದು ಇಬ್ಬರೂ ನಂಬಿದ್ದರು. ವರ್ತಕರು ಯಾವ ರೇವಿನಲ್ಲಿ ಸರಕನ್ನು ಕೈಬದಲಿಸುವರೋ ಅದೇ ಸರಕಿನ ಜನ್ಮಭೂಮಿಯೆಂದು ಕೊಳ್ಳುವವರು ಭ್ರಮಿಸುವುದು ಸಹಜವೇ. ರೋಮನರ ಧರ್ಮಶಾಸ್ತ್ರಸಂಗ್ರಹವಾದ ‘ಡೈಜೆಸ್ಟ್’ ಎಂಬ ಗ್ರಂಥದಲ್ಲಿ ಪೂರ್ವದೇಶಗಳಿಂದ ಬಂದು ಸುಂಕಕ್ಕೊಳಗಾಗುತ್ತಿದ್ದ ಸರಕುಗಳ ಒಂದು ಪಟ್ಟಿಯುಂಟು. ಶುಂಠಿಯ ಹೆಸರು ಅದರಲ್ಲಿಯೂ ಬಂದಿದೆ.

ಗ್ರೀಕರ ವಿಷಯದಲ್ಲಿ ಒಂದು ವಿನೋದವನ್ನು ಗಮನಿಸಬಹುದು. ಯೂರೋಪಿಗೆಲ್ಲ ಈ ಶಬ್ದವನ್ನು ಹಂಚಿದವರು ಅವರು. ಇಂದಿನ ಗ್ರೀಕ್ ಭಾಷೆಯಲ್ಲಾದರೋ ಶುಂಠಿಗೆ ‘ಪಿಪೆರೊರಿಝ’ ಎಂದು ಹೆಸರು. ಮೆಣಸಿನ ಬೇರು ಎಂದು ಅದರ ಅರ್ಥ. ಪ್ಲಿನಿಯು ಯಾವುದನ್ನು ತಪ್ಪೆಂದು ನಿಷೇಧಿಸಿದನೋ ಅದೇ ಅಲ್ಲಿ ಹೆಸರಾಗಿ ನಿಂತಿದೆ.

ಅರಬ್ಬೀ ಭಾಷೆಯಲ್ಲಿ ಇದು ‘ಝಂಜಬೀಲ್’ ಆಯಿತು. ಕುರಾನಿನ 76ನೆಯ ಅಧ್ಯಾಯದಲ್ಲಿ ಸ್ವರ್ಗದ ಪಾನೀಯವನ್ನು ಹೇಳುವೆಡೆಯಲ್ಲಿ ಈ ಮಾತು ಬಂದಿದೆ. ಇದು ತಮ್ಮ ಭಾಷೆಯದಲ್ಲವೆಂದೂ ಪಾರಸೀಕರಿಂದ ಬಂದುದೆಂದೂ ಅರಬ್ಬೀ ಶಾಬ್ದಿಕರೇ ಹೇಳಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ರೇಫವು ಲಕಾರವಾದ ಈ ಕವಲಿನಿಂದ ತುರ್ಕಿಯ ‘ಝೆಂಜೆಫಿಲ್’ ಹುಟ್ಟಿತು. ತುರ್ಕರ ಆಳಿಕೆಗೊಳಗಾಗಿದ್ದ ಬಲ್ಗೇರಿಯದಲ್ಲಿ ಇಂದಿಗೂ ‘ಜಿಂಜಿಫಿಲ್’ ಎನ್ನುತ್ತಾರೆ. ಅದರ ನೆರೆಯ ಸರ್ಬಿಯದಲ್ಲಿಯಾದರೋ ‘ಜುಂಬಿರ್’ ಎಂಬ ರೇಫಾಂತರೂಪವುಂಟು. ಹೀಗೆ ಒಂದು ರೇಫ, ಒಂದು ಲಕಾರ — ಇವುಗಳಿಂದಲೇ ಸರಕು ರೋಮಿನ ಹಾದಿಯಿಂದ ಬಂದಿತೇ, ಅರಬ್ಬರ ಹಾದಿಯಿಂದ ಬಂದಿತೇ ಎಂಬುದನ್ನು ನಿರ್ಣಯಿಸಬಹುದು.

ಮಧ್ಯಯುಗದ ಇಟಲಿಯ ವರ್ತಕರು ಶುಂಠಿಯಲ್ಲಿ ಮೂರು ಜಾತಿಗಳನ್ನು ಎಣಿಸುತ್ತಿದ್ದರು. ಫ್ಲಾರೆನ್ಸ್ ನಗರದ ಪೆಗೊಲೊಟ್ಟಿ ಎಂಬ ವರ್ತಕನು ಹದಿನಾಲ್ಕನೆಯ ಶತಮಾನದಲ್ಲಿ ಬರೆದ ವಾಣಿಜ್ಯಗ್ರಂಥದಲ್ಲಿ ಅವು ‘ಬೆಲ್ಲೆಡಿ’, ‘ಕೊಲೊಂಬಿನೊ’, ‘ಮೆಕ್ಕಿನೊ’ ಎಂದು ಹೇಳಲ್ಪಟ್ಟಿವೆ. ಮೊದಲನೆಯದು ಅರಬ್ಬಿಯ ‘ಬಲದೀ’, ಎಂದರೆ ನಾಡಿನದು. ಮೂರನೆಯದು ಮೆಕ್ಕದ ಮಾರ್ಗವಾಗಿ ಬಂದದ್ದು. ಎರಡನೆಯದನ್ನು ನೋಡಿ ಪಾರಿವಾಳವನ್ನೋ ಕೊಲಂಬಸನನ್ನೋ ನೆನೆಯಬೇಕಾಗಿಲ್ಲ. ಅದು ಕೇರಳದ ಕೊಲ್ಲಂ ರೇವಿನ ಹೆಸರು. ಪ್ಲಿನಿಗೆ ತಿಳಿಯದ ತವರೂರು ಈ ವರ್ತಕರ ಬಾಯಲ್ಲಿ ಉಳಿದಿತ್ತು. 1498ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಕಲ್ಲಿಕೋಟೆಗೆ ಬಂದಾಗ, ಪೋರ್ಚುಗೀಸರು ‘ಜೆಂಜಿಬ್ರೆ’ಯನ್ನು ಕೇಳಿದರೆ ಅಲ್ಲಿಯವರು ‘ಇಂಜಿ’ ಎನ್ನುತ್ತಿದ್ದರು. ಎರಡೂ ಒಂದೇ ಮಾತೆಂದು ಅಂದು ಯಾರೂ ಭಾವಿಸಿರಲಾರರು.

ಇಲ್ಲಿಗೆ ಪ್ರಕೃತವಿಚಾರದ ಕ್ಲಿಷ್ಟಭಾಗವು ಬಂದಿತು. ‘ಝಿಂಗಿಬೆರಿಸ್’ ಎಂಬುದು ಭಾರತೀಯ ಶಬ್ದವೆಂಬುದರಲ್ಲಿ ವಿವಾದವಿಲ್ಲ. ಭಾರತೀಯವೆಂದರೆ ಸಂಸ್ಕೃತವೇ ಎಂದು ಬಹುಕಾಲ ಎಲ್ಲರೂ ಒಪ್ಪಿಕೊಂಡಿದ್ದರು. ಶೃಂಗದಂತಿರುವ ವೇರ, ಎಂದರೆ ದೇಹ, ಯಾವುದಕ್ಕಿದೆಯೋ ಅದು ಶೃಂಗವೇರವೆಂದು ವ್ಯಾಖ್ಯಾನಕಾರರು ವಿಗ್ರಹಿಸಿದರು. ಇದು ರಮಣೀಯವಾಗಿಯೇ ಇದೆ. ಶುಂಠಿಯ ಗೆಡ್ಡೆಯು ಜಿಂಕೆಯ ಕವಲುಗೊಂಬಿನಂತೆ ಕಾಣುವುದು ಪ್ರತ್ಯಕ್ಷ. ಕನ್ನಡದ ಹೆಂಗಸರೂ ಅರಿಸಿನದ ಕೊಂಬು, ಶುಂಠಿಯ ಕೊಂಬು ಎಂದೇ ಹೇಳುತ್ತಾರಲ್ಲದೆ ಅರಿಸಿನದ ತುಂಡು ಎನ್ನುವುದಿಲ್ಲ. ಆದುದರಿಂದ ಈ ವ್ಯುತ್ಪತ್ತಿಯನ್ನು ಕೇಳಿದವರಿಗೆ ಸಂಶಯವು ಹುಟ್ಟದಿದ್ದುದು ಆಶ್ಚರ್ಯವಲ್ಲ.

ಆದರೂ ಸಂಶಯಕ್ಕೆ ಕಾರಣಗಳಿವೆ. ಮೊದಲನೆಯದಾಗಿ, ದೇಹವೆಂಬರ್ಥದ ವೇರಶಬ್ದವು ಕೋಶಗಳಲ್ಲಿ ಹೇಳಲ್ಪಟ್ಟಿದೆಯೇ ಹೊರತು ಕಾವ್ಯಶಾಸ್ತ್ರಗಳ ಪ್ರಯೋಗದಲ್ಲಿ ರೂಢವಾದುದಲ್ಲ. ದೇವಾಲಯಗಳಲ್ಲಿ ಮೂಲಬೇರ, ಉತ್ಸವಬೇರ ಎಂದು ವಿಗ್ರಹಕ್ಕೆ ಹೇಳುವ ಬೇರಶಬ್ದವನ್ನು ಇಲ್ಲಿಗೆ ಎಳೆದು ತರಬಹುದು. ಅದೂ ಆಗಮಗಳ ಪರಿಭಾಷೆಯೇ ಸರಿ. ಒಂದು ಶಬ್ದಕ್ಕೆ ಅರ್ಥವನ್ನು ಹೇಳುವುದಕ್ಕಾಗಿ ಪ್ರಯೋಗವಿರಳವಾದ ಇನ್ನೊಂದು ಶಬ್ದವನ್ನು ಆಶ್ರಯಿಸಬೇಕಾದಾಗ, ಆ ಇನ್ನೊಂದೇ ಮೊದಲನೆಯದನ್ನು ವಿಗ್ರಹಿಸುವ ಸಲುವಾಗಿ ಊಹಿಸಲ್ಪಟ್ಟುದೋ ಏನೋ ಎಂದು ಶಂಕಿಸುವುದು ನ್ಯಾಯ.

ಎರಡನೆಯದು ಪಾಲಿಭಾಷೆಯ ಸಾಕ್ಷ್ಯ. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಭಿಕ್ಷುಗಳು ಇಟ್ಟುಕೊಳ್ಳಬಹುದಾದ ಬೇರುಮದ್ದುಗಳನ್ನು ಎಣಿಸುವಾಗ ಅರಿಸಿನದ ಜೊತೆಯಲ್ಲಿ ಶುಂಠಿಯು ಹೇಳಲ್ಪಟ್ಟಿದೆ. ಅಲ್ಲಿನ ರೂಪವು ‘ಸಿಂಗಿವೇರ’. ಕೊಂಬಿಗೆ ಪಾಲಿಯಲ್ಲಿ ‘ಸಿಂಗ’ ಎನ್ನುವರು. ಶೃಂಗವೇರವೇ ಮೂಲವಾಗಿದ್ದರೆ ‘ಸಿಂಗವೇರ’ ಎಂದಾಗಬೇಕಾಗಿತ್ತು. ನಡುವಣ ಇಕಾರವು ಎಲ್ಲಿಂದ ಬಂದಿತು? ಕೊಂಬುಳ್ಳದ್ದು ಎಂಬರ್ಥದ ‘ಶೃಂಗೀ’ ಎಂಬುದರಿಂದ ಬಂದಿರಬಹುದೆಂದು ಸಮಾಧಾನ ಹೇಳುವವರು ಹೇಳಲಿ; ಹಾಗಾದರೆ ಸಂಸ್ಕೃತದಲ್ಲಿ ಅಕಾರವೇ ರೂಢವಾದುದೇಕೆಂಬುದಕ್ಕೆ ಅವರು ಉತ್ತರ ಕೊಡಬೇಕಾಗುತ್ತದೆ. ಗ್ರೀಕರ ‘ಝಿಂಗಿಬೆರಿಸ್’ ಎಂಬುದರಲ್ಲಿಯೂ ಇರುವುದು ಇಕಾರವೇ. ಎಂದರೆ ಯವನ ವರ್ತಕರು ಕೇಳಿದ್ದು ಪಂಡಿತರ ಬಾಯಿಯ ಶೃಂಗವೇರವನ್ನಲ್ಲ, ರೇವುಗಳ ಸಿಂಗಿವೇರವನ್ನು.

ಮೂರನೆಯದೂ ಮುಖ್ಯವಾದುದೂ ಆದ ಕಾರಣವು ದಕ್ಷಿಣದ ಭಾಷೆಗಳಲ್ಲಿದೆ. ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಹಸಿಯ ಶುಂಠಿಗೆ ‘ಇಂಜಿ’ ಎಂದು ಹೆಸರು. ಬೇರಿಗೆ ಆ ಭಾಷೆಗಳಲ್ಲಿ ‘ವೇರ್’ ಎನ್ನುವರು. ಇಂಜಿವೇರ್ ಎಂದರೆ ಇಂಜಿಯ ಬೇರು. ಇಲ್ಲಿ ಶಬ್ದದ ಎರಡು ಭಾಗಗಳಿಗೂ ನಿತ್ಯವ್ಯವಹಾರದ ಅರ್ಥವಿದೆ, ಕೋಶವನ್ನು ತೆರೆಯಬೇಕಾದುದಿಲ್ಲ. ಯೂಲ್ ಮತ್ತು ಬರ್ನೆಲ್ ಎಂಬ ಆಂಗ್ಲ ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದಲ್ಲಿಯೇ ಶೃಂಗದ ಸಂಬಂಧವು ಕಲ್ಪಿತವಾಗಿರಬೇಕೆಂದು ಸಂದೇಹಪಟ್ಟು, ಮಲೆಯಾಳದ ಇಂಜಿಯ ಕಡೆಗೆ ಕೈತೋರಿಸಿದ್ದರು. ಆದರೆ ಒಂದು ಆಕ್ಷೇಪವು ಉಳಿದಿತ್ತು. ‘ಇಂಜಿ’ಯಲ್ಲಿ ಆದಿಯ ಸಕಾರವಿಲ್ಲ, ‘ಸಿಂಗಿ’ಯಲ್ಲಿದೆ. ಇಲ್ಲದ ಸಕಾರವನ್ನು ಪಾಲಿಯವರು ಏಕೆ ಕೂಡಿಸಿಕೊಂಡರು?

ಈ ಆಕ್ಷೇಪಕ್ಕೆ ಪರಿಹಾರವು ಟಿ. ಬರೋ ಎಂಬ ವಿದ್ವಾಂಸನಿಂದ ದೊರೆಯಿತು. 1947ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಆತನು ದಕ್ಷಿಣ ದ್ರಾವಿಡಭಾಷೆಗಳು ಅನೇಕ ಶಬ್ದಗಳ ಆದಿಯಲ್ಲಿದ್ದ ಚಕಾರವನ್ನು ಕಳೆದುಕೊಂಡಿವೆಯೆಂದು ನಿದರ್ಶನಪೂರ್ವಕವಾಗಿ ತೋರಿಸಿದನು. ಕನ್ನಡಿಗರಿಗೆ ಇದಕ್ಕೆ ಉದಾಹರಣೆಯು ದೂರದಲ್ಲಿಲ್ಲ. ‘ಆರು’ ಎಂಬ ಸಂಖ್ಯೆಗೆ ಗೋಂಡರ ಭಾಷೆಯಲ್ಲಿ ‘ಸಾರೂಂಗ್’ ಎನ್ನುತ್ತಾರೆ. ‘ಉಪ್ಪು’ ಎಂಬುದಕ್ಕೆ ಕೊಲಾಮೀ ಭಾಷೆಯಲ್ಲಿ ‘ಸುಪ್’ ಎಂದೂ ಪರ್ಜೀ ಭಾಷೆಯಲ್ಲಿ ‘ಚುಪ್’ ಎಂದೂ ಹೇಳುತ್ತಾರೆ. ಕಾಡಿನಲ್ಲಿ ವಾಸಿಸುವ ಜನರ ಭಾಷೆಯೆಂದು ನಾಗರಿಕರು ಉಪೇಕ್ಷಿಸಿದ ಈ ಭಾಷೆಗಳು, ಕನ್ನಡ ತಮಿಳುಗಳು ಮರೆತ ಅಕ್ಷರವನ್ನು ಜೋಪಾನವಾಗಿ ಇಟ್ಟುಕೊಂಡಿವೆ. ‘ಆರು’, ‘ಉಪ್ಪು’ಗಳಂತೆಯೇ ‘ಇಂಜಿ’ಯೂ ಹಿಂದೆ ಚಕಾರಾದಿಯಾಗಿದ್ದು, ‘ಚಿಂಕಿ’ ಅಥವಾ ‘ಚಿಂಗಿ’ ಎಂಬಂತಹ ರೂಪವನ್ನು ಹೊಂದಿದ್ದಿತೆಂದೂ, ಆ ಕಾಲದಲ್ಲಿಯೇ ಅದು ಉತ್ತರಕ್ಕೆ ಹೋಯಿತೆಂದೂ ಇಟ್ಟುಕೊಂಡರೆ ಪಾಲಿಯ ಸಕಾರ ಇಕಾರಗಳೆರಡೂ ಸುಲಭವಾಗಿ ಒದಗುತ್ತವೆ. ಎ. ಎಸ್. ಸಿ. ರಾಸ್ ಎಂಬವನು ಈ ಒಂದೇ ಶಬ್ದವನ್ನು ಕುರಿತು 1952ರಲ್ಲಿ ಒಂದು ಪುಸ್ತಕವನ್ನೇ ಬರೆದು, ಇದರ ಸಂಚಾರವನ್ನು ಭಾಷೆಯಿಂದ ಭಾಷೆಗೆ ಹಿಂಬಾಲಿಸಿದ್ದಾನೆ.

ಹಾಗಾದರೆ ಶೃಂಗವೇರದ ಗತಿಯೇನು? ಸಿಂಗಿವೇರವೆಂಬ ದಾಕ್ಷಿಣಾತ್ಯ ಶಬ್ದವು ಪ್ರಾಕೃತದಲ್ಲಿ ಬಳಕೆಗೆ ಬಂದಿತು. ಪ್ರಾಕೃತದ ‘ಸಿಂಗ’ವು ಸಂಸ್ಕೃತದ ‘ಶೃಂಗ’ವೆಂಬುದು ಎಲ್ಲರಿಗೂ ಗೊತ್ತು, ಗೆಡ್ಡೆಯ ಆಕಾರವೂ ಕೊಂಬಿನಂತಿದೆ. ಆದುದರಿಂದ ಸಂಸ್ಕರಿಸುವವರು ಅದಕ್ಕೆ ಶೃಂಗವನ್ನು ತೊಡಿಸಿದರು. ಉಳಿದ ‘ವೇರ’ಕ್ಕೆ ಅರ್ಥಬೇಕಲ್ಲ, ಶರೀರವೆಂಬ ಅರ್ಥವು ಒದಗಿತು. ಈ ಮಾತನ್ನು ಒಪ್ಪುವುದು ಸಂಸ್ಕೃತಾಭಿಮಾನಿಗಳಿಗೆ ಕಹಿಯಾಗಬಹುದು. ಆದರೆ ದೇವಭಾಷೆಯು ಕೊಡುವುದಲ್ಲದೆ ಕೊಳ್ಳುವುದಿಲ್ಲವೆಂಬ ನಂಬಿಕೆಗೆ ಶಾಸ್ತ್ರದಲ್ಲಿಯೇ ಆಧಾರವಿಲ್ಲ. ಪಿಕ, ನೇಮ, ತಾಮರಸ ಮುಂತಾದ ಶಬ್ದಗಳನ್ನು ಮ್ಲೇಚ್ಛಪ್ರಸಿದ್ಧವೆಂದು ಒಪ್ಪಿ, ಅವುಗಳ ಅರ್ಥವನ್ನು ಆ ಜನರ ವ್ಯವಹಾರದಿಂದಲೇ ತಿಳಿಯಬೇಕೆಂದೂ, ನಿರುಕ್ತವ್ಯಾಕರಣಗಳಿಂದ ಬಲಾತ್ಕಾರವಾಗಿ ಅರ್ಥವನ್ನು ಕಲ್ಪಿಸಬಾರದೆಂದೂ ಮೀಮಾಂಸಕರು ಮ್ಲೇಚ್ಛಪ್ರಸಿದ್ಧಾಧಿಕರಣದಲ್ಲಿ ನಿರ್ಣಯಿಸಿದ್ದಾರೆ. ಶಬರಸ್ವಾಮಿಯ ಭಾಷ್ಯವನ್ನು ಓದಿದವರು ಶೃಂಗವೇರದ ವಿಷಯದಲ್ಲಿ ಮಾತ್ರ ಬೇರೆ ನ್ಯಾಯವನ್ನು ಹಿಡಿಯಲಾರರು.

ಗಂಗಾತೀರದಲ್ಲಿ ಗುಹನ ರಾಜಧಾನಿಯಾಗಿದ್ದ ಶೃಂಗವೇರಪುರವು ರಾಮಾಯಣದಿಂದ ಎಲ್ಲರಿಗೂ ಪರಿಚಿತವಾದುದು. ಪ್ರಯಾಗದ ಸಮೀಪದಲ್ಲಿರುವ ಆ ಸ್ಥಳದ ಜನರು ಅದನ್ನು ಶೃಂಗೀಋಷಿಯ ಆಶ್ರಮವೆಂದು ನಂಬುತ್ತಾರೆ. ಅರ್ಥವಾಗದ ಹೆಸರಿಗೆ ಅರ್ಥವನ್ನು ಹುಡುಕುವ ಬಯಕೆಯು ಪಂಡಿತರಲ್ಲಿ ಮಾತ್ರವಲ್ಲ, ಗ್ರಾಮಸ್ಥರಲ್ಲಿಯೂ ಹೀಗೆಯೇ ಕೆಲಸಮಾಡುತ್ತದೆ.

ಇಂಗ್ಲಿಷರೂ ಇದಕ್ಕೆ ಹೊರತಲ್ಲ. ‘ಜಿಂಜರ್‌ಬ್ರೆಡ್’ ಎಂಬ ಶುಂಠಿಯ ತಿಂಡಿಯ ಹೆಸರಿನಲ್ಲಿ ಈಗ ರೊಟ್ಟಿಯೆಂಬರ್ಥದ ‘ಬ್ರೆಡ್’ ಕಾಣುತ್ತದಷ್ಟೆ. ಮೊದಲು ಅದರಲ್ಲಿ ರೊಟ್ಟಿಯೂ ಇರಲಿಲ್ಲ, ಹಿಟ್ಟೂ ಇರಲಿಲ್ಲ. ಹಾಳಾಗದಂತೆ ಪಾಕಮಾಡಿಟ್ಟ ಶುಂಠಿಗೆ ಹಳೆಯ ಫ್ರೆಂಚಿನಲ್ಲಿ ‘ಝಿಂಜಂಬ್ರಾಸ್’ ಎಂದು ಹೇಳುತ್ತಿದ್ದರು. ಅದರ ಕೊನೆಯ ಭಾಗವು ಇಂಗ್ಲಿಷರ ಕಿವಿಗೆ ‘ಬ್ರೆಡ್’ ಎಂದು ಕೇಳಿಸಿತು. ಹೆಸರಿನಲ್ಲಿ ರೊಟ್ಟಿ ಬಂದಮೇಲೆ ತಿಂಡಿಯೂ ಹೆಸರಿಗೆ ತಕ್ಕಂತೆ ಹಿಟ್ಟಿನದಾಯಿತು. ಶೃಂಗವೇರದಲ್ಲಿ ನಡೆದ ಕಾರ್ಯವೂ ಇದೇ; ಅಲ್ಲಿ ಕೊಂಬು, ಇಲ್ಲಿ ರೊಟ್ಟಿ. ಮೆಲ್ಲನೆ, ಎಚ್ಚರಿಕೆಯಿಂದ ಎಂಬರ್ಥದ ‘ಜಿಂಜರ್ಲಿ’ ಎಂಬ ಮಾತಿಗೂ ಶುಂಠಿಗೂ ಸಂಬಂಧವಿಲ್ಲ. ಅದು ನಾಜೂಕೆಂಬರ್ಥದ ಫ್ರೆಂಚ್ ಶಬ್ದದಿಂದ ಬಂದಿರುವಂತೆ ತೋರುತ್ತದೆ. ಹೆಣ್ಣುಮಕ್ಕಳಿಗೆ ‘ಜಿಂಜರ್’ ಎಂದು ಕರೆಯುವುದು ಅನೇಕವೇಳೆ ‘ವರ್ಜೀನಿಯಾ’ ಎಂಬುದರ ಸಂಕ್ಷೇಪ. ಕೆಂಗೂದಲಿನವರನ್ನು ‘ಜಿಂಜರ್’ ಎನ್ನುವುದಾದರೋ ಶುಂಠಿಯಿಂದಲೇ ಬಂದದ್ದು. ಹುರಿದುಂಬಿಸುವುದೆಂಬರ್ಥದ ಕ್ರಿಯಾಪದವೂ ಹಾಗೆಯೇ. ಕುದುರೆಯ ದಳ್ಳಾಳಿಗಳು ಜಡವಾದ ಕುದುರೆಯನ್ನು ಚುರುಕಾಗಿ ಕಾಣಿಸುವುದಕ್ಕಾಗಿ ಶುಂಠಿಯಿಂದ ನಡಸುತ್ತಿದ್ದ ಮೋಸವು ಅದರ ಮೂಲ. ಅದನ್ನು ಇಲ್ಲಿ ವಿಸ್ತರಿಸುವುದು ಉಚಿತವಲ್ಲ.

ಸಂಸ್ಕೃತದ ಪಕ್ಷಪಾತವನ್ನು ಬಿಟ್ಟವರು ದ್ರಾವಿಡದ ಪಕ್ಷಪಾತದಲ್ಲಿ ಬೀಳಬಾರದು. ಇಲ್ಲಿ ಎರಡು ಹಳ್ಳಗಳಿವೆ. ಜರ್ಮನಿನ ‘ಇಂಗ್ವರ್’ ಎಂಬುದನ್ನು ಕೇಳಿದೊಡನೆ ‘ಇಂಜಿವೇರ್’ ಎಂಬುದು ಕಿವಿಯಲ್ಲಿ ಮೊಳಗುತ್ತದೆ. ತಮಿಳಿನಿಂದ ನೇರವಾಗಿ ಜರ್ಮನಿಗೆ ಶಬ್ದವು ಹಾರಿತೆಂದು ಹೇಳುವವರೂ ಉಂಟು. ಇದು ಭ್ರಮೆ. ಹಳೆಯ ಜರ್ಮನಿನಲ್ಲಿ ‘ಗಿಂಗಿಬೆರೊ’ ಎಂಬ ಗಕಾರಾದಿಯಾದ ರೂಪವೇ ಇದೆ. ಅದು ಲ್ಯಾಟಿನ್ನಿನಿಂದ ಬಂದದ್ದು. ಆದಿಯ ವ್ಯಂಜನವು ಆ ನಾಡಿನಲ್ಲಿಯೇ ಕಾಲಾಂತರದಲ್ಲಿ ಲೋಪವಾಗಿ ‘ಇಂಗ್ವರ್’ ಆಯಿತು. ರಷ್ಯನರ ‘ಇಂಬೀರ್’ ಈ ಕವಲಿನದು. ತಮಿಳಿನಲ್ಲಿ ಚಕಾರವು ಲೋಪವಾದುದು ಬೇರೆ, ಜರ್ಮನಿನಲ್ಲಿ ಗಕಾರವು ಲೋಪವಾದುದು ಬೇರೆ. ಎರಡು ಕಡೆಯೂ ತಲೆ ಬೋಳಾದ ಮಾತ್ರಕ್ಕೆ ಒಬ್ಬನೇ ಕ್ಷೌರಿಕನೆಂದು ಸಾಧಿಸಬಾರದು.

ಎರಡನೆಯ ಹಳ್ಳವು ಕನ್ನಡಿಗರಿಗಾಗಿಯೇ ಇರುವಂಥದು. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರವು ಬರುತ್ತದೆ: ವೆಳ್ಳಿ ಬೆಳ್ಳಿ, ವಳ್ಳಿ ಬಳ್ಳಿ, ವೇರ್ ಬೇರ್. ಗ್ರೀಕಿನಲ್ಲಿ ‘ಬೆರಿಸ್’ ಎಂದಿರುವುದನ್ನು ಕಂಡು, ಯವನರು ಈ ಶಬ್ದವನ್ನು ಕಲಿತದ್ದು ಕನ್ನಡಿಗರಿಂದಲೇ ಎಂದು ಸಂತೋಷಪಡಬಹುದು. ಆ ಸಂತೋಷವು ನಿಲ್ಲತಕ್ಕದ್ದಲ್ಲ. ಗ್ರೀಕ್ ಲಿಪಿಯಲ್ಲಿ ವಕಾರಕ್ಕೆ ಪ್ರತ್ಯೇಕವಾದ ಅಕ್ಷರವು ಆಗ ಬಳಕೆಯಲ್ಲಿರಲಿಲ್ಲ. ಪರಭಾಷೆಗಳ ವಕಾರವನ್ನು ಅವರು ತಮ್ಮ ‘ಬೀಟಾ’ ಎಂಬ ಅಕ್ಷರದಿಂದಲೂ ಬರೆಯುತ್ತಿದ್ದರು. ಕನ್ನಡದಲ್ಲಿ ಇಂಜಿಯೆಂಬ ಹೆಸರೂ ರೂಢಿಯಲ್ಲಿಲ್ಲ. ಕನ್ನಡಿಗರು ತೆಲುಗಿನ ‘ಅಲ್ಲಂ’ ಎಂಬುದಕ್ಕೆ ಸಮಾನವಾದ ‘ಅಲ್ಲ’ವನ್ನೂ, ಸಂಸ್ಕೃತದ ‘ಶುಂಠಿ’ಯನ್ನೂ ಇಟ್ಟುಕೊಂಡಿದ್ದಾರೆ. ಶುಂಠಿಯೆಂಬುದು ಮೂಲದಲ್ಲಿ ಒಣಗಿದುದರ ಹೆಸರು. ಆದುದರಿಂದಲೇ ಹಸಿಯದಕ್ಕೆ ‘ಹಸಿಶುಂಠಿ’ ಎಂದು ವಿಶೇಷಣವನ್ನು ಸೇರಿಸಬೇಕಾಗಿ ಬಂದಿದೆ. ಈ ಶಬ್ದದಲ್ಲಿ ಕನ್ನಡದ ಪಾಲೆಂದರೆ ಬೇರು ಒಂದೇ. ಅದೂ ಒಡಹುಟ್ಟಿದವರೊಡನೆ ಹಂಚಿಕೊಂಡ ಪಾಲು.

ಆ ‘ವೇರ್’ ಎಂಬುದು ಯೂರೋಪಿಗೆ ಇನ್ನೊಮ್ಮೆಯೂ ಹೋಗಿದೆ. ಕನ್ನಡದಲ್ಲಿ ಲಾವಂಚವೆಂದು ಹೇಳುವ ಸುವಾಸನೆಯ ಬೇರಿಗೆ ತಮಿಳಿನಲ್ಲಿ ‘ವೆಟ್ಟಿವೇರ್’ ಎಂದು ಹೆಸರು. ಫ್ರೆಂಚರು ಅದನ್ನು ‘ವೆತಿವೇರ್’ ಎಂದು ಕರೆದು ಸುಗಂಧದ್ರವ್ಯಗಳಲ್ಲಿ ಬಳಸಿದರು. ಇಂಗ್ಲಿಷರೂ ಅದನ್ನೇ ಹಿಡಿದರು. ಈ ಎರಡನೆಯ ಪ್ರಯಾಣವು ಇತ್ತೀಚಿನದಾದುದರಿಂದ ಶಬ್ದವು ಸವೆದಿಲ್ಲ. ಯಾರು ಬೇಕಾದರೂ ಅದನ್ನು ಗುರುತಿಸಬಹುದು. ಮೊದಲನೆಯದು ಎರಡು ಸಾವಿರ ವರ್ಷಗಳಷ್ಟು ಸವೆದಿದೆ. ಇಂಗ್ಲಿಷಿನ ‘ಜಿಂಜರ್’ನಲ್ಲಿ ವೇರ್ ಎಂಬುದರಿಂದ ಉಳಿದಿರುವುದು ಕೊನೆಯ ರೇಫವೊಂದೇ, ಫಿನ್ನಿಷಿನ ‘ಇಂಕಿವ್ಯಾರಿ’ಯಲ್ಲಿ ಸ್ವೀಡಿಷಿನ ಮೂಲಕವಾಗಿ ಬಂದು ಅದು ಬಹುಮಟ್ಟಿಗೆ ಇಡಿಯಾಗಿದೆ.

ಸಸ್ಯಶಾಸ್ತ್ರಜ್ಞರು ಲ್ಯಾಟಿನ್ ಹೆಸರನ್ನೇ ಕುಲನಾಮವಾಗಿ ಇಟ್ಟುಕೊಂಡಿದ್ದಾರೆ. ಲಿನ್ನೇಯಸನು 1753ರಲ್ಲಿ ಇದನ್ನು ‘ಅಮೋಮಂ’ ಕುಲಕ್ಕೆ ಸೇರಿಸಿ ‘ಝಿಂಗಿಬೆರ್’ ಎಂಬುದನ್ನು ಜಾತಿನಾಮವನ್ನಾಗಿ ಮಾಡಿದ್ದನು. ‘ಝಿಂಗಿಬೆರ್ ಆಫಿಷಿನಾಲೆ’ ಎಂಬ ಈಗಿನ ಹೆಸರು 1807ರಲ್ಲಿ ರಾಸ್ಕೊ ಎಂಬವನಿಂದ ಬಂದಿತು. ಅವರ ಮತದಲ್ಲಿ ಶುಂಠಿಯು ಬೇರೇ ಅಲ್ಲ, ನೆಲದೊಳಗೆ ಬೆಳೆಯುವ ಕಾಂಡ. ಹೆಸರಿಟ್ಟ ದಾಕ್ಷಿಣಾತ್ಯ ಕೃಷಿಕನಿಗೆ ಈ ಭೇದವು ಬೇಕಾಗಿರಲಿಲ್ಲ.

ಅದೇ ಶಾಸ್ತ್ರಜ್ಞರಿಂದ ಇನ್ನೊಂದು ಪ್ರಶ್ನೆಯೂ ಎದ್ದಿದೆ. ಶುಂಠಿಯು ಎಲ್ಲಿಯೂ ಕಾಡುಗಿಡವಾಗಿ ಕಂಡುಬಂದಿಲ್ಲ; ಮನುಷ್ಯನು ಗೆಡ್ಡೆಯನ್ನು ಮುರಿದು ನೆಟ್ಟಲ್ಲಿ ಮಾತ್ರ ಅದು ಬೆಳೆಯುತ್ತದೆ. ಅದನ್ನು ಮೊದಲು ಬೆಳೆಸಿದವರು ಆಗ್ನೇಯ ಏಷ್ಯದ ಜನರೆಂದು ಅನೇಕರ ಅಭಿಪ್ರಾಯ. ಗೆಡ್ಡೆಯು ಪೂರ್ವದಿಂದ ಬಂದದ್ದಾದರೆ ‘ಚಿಂಗಿ’ಯೆಂಬ ಹೆಸರೂ ಅದರೊಡನೆಯೇ ಬಂದಿರಬಹುದೆಂದು ಕೆಲವರು ಊಹಿಸಿ, ಬರ್ಮೀಯರ ಮತ್ತು ಚೀನೀಯರ ಹೆಸರುಗಳೊಡನೆ ಅದನ್ನು ಹೋಲಿಸಿದ್ದಾರೆ. ಆ ಹೋಲಿಕೆಯು ಇನ್ನೂ ಸಿದ್ಧಾಂತವಾಗಿಲ್ಲ. ಸಿದ್ಧವಾದಲ್ಲಿ, ಸಂಸ್ಕೃತವು ದ್ರಾವಿಡದಿಂದ ಪಡೆದಂತೆ ದ್ರಾವಿಡವೂ ಇನ್ನೊಬ್ಬರಿಂದ ಪಡೆದಿತೆಂದಾಗುವುದು. ಆಗ ದಕ್ಷಿಣದ ಸ್ವಂತವಾಗಿ ಉಳಿಯುವುದು ‘ವೇರ್’ ಎಂಬ ಉತ್ತರಾರ್ಧವೊಂದೇ.